ಓದಿಸದ ಸಕ್ಕರೆ

ಬೆಟಗೇರಿ
೪ ಅಕ್ಟೋಬರ್ ೧೯೯೮

ತಮ್ಮ ಶಫೀಕ,

ನೀನು ಹೋಗಿ ಹದಿನಾರು ದಿನವಾಯಿತು. ಸುಖವಾಗಿ ಮುಟ್ಟಿದೆ ಎಂದು ಪ್ರೆಸ್ಸಿನ ಮಾಲಕರು ಹೇಳಿ ಕಳಿಸಿದ್ದರು. ನಿನ್ನ ಕಾಗದ ಮಾತ್ರ ನಿನ್ನೆ ಬಂತು. ಜಾಣಪ್ಪ, ವಿಳಾಸದಲ್ಲಿ ಜಿಲ್ಲಾ ಧಾರವಾಡ ಎಂದು ಬರೆದಿದ್ದೀಯ, ಅದು ಧಾರವಾಡವನ್ನೆಲ್ಲ ಸುತ್ತಿ ನೋಡಿಕೊಂಡು ಬಂದಿದೆ. ನಮ್ಮದು ಗದಗ ಜಿಲ್ಲೆಯಾಗಿ ವರ್ಷದ ಮೇಲಾಯಿತು. ಹೊಸ ಜಿಲ್ಲೆಯ ಕಚೇರಿಗಳ ಫಾರ್ಮು ಅಚ್ಚು ಹಾಕಲಿಕ್ಕೇ ಅಲ್ಲವೇ ನಿಮ್ಮ ಮಾಲಕರು ಜರ್ಮನಿಯ ಹಳೆಯ ಮಷಿನ್ ಕೊಂಡದ್ದು, ಅದನ್ನು ಬಿಚ್ಚಿ ತಾ ಎಂದು ನಿನ್ನನ್ನು ಕಳಿಸಿದ್ದು? ಅದನ್ನಾದರೂ ನೆನಪಿಡು.

ಈಗ ಮುಖ್ಯ ವಿಷಯ. ಅವ್ವನಿಗೆ ಹೊಟ್ಟೆನೋವು ಇತ್ತಲ್ಲ, ವಾಯು ಎಂದು ಅಜವಾನ ತಿನ್ನುತ್ತಿದ್ದಳು. ಮೊನ್ನೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ. ತಿಂಗಳು ಒಂದೂವರೆ ತಿಂಗಳಿನೊಳಗೆ ಆಪರೇಶನ್ ಮಾಡಿಸಲೇಬೇಕು ಎಂದರು ಡಾಕ್ಟರು. ಅವ್ವ ಅಲ್ಲಿಯೇ, ಅವರ ಎದುರಿಗೇ ಹೇಳಿಬಿಟ್ಟಳು: "ನಂದೊಂದು ಹರಕಿ ಬಾಕಿ ಐತ್ರಿ. ಅದು ತೀರೋತನಕಾ ನಾ ಕತ್ತರಿ ಕೆಳಗ ಮಲಗಾಕಿ ಅಲ್ಲ."

ಆ ಹರಕೆ ನಿನ್ನದೇ. ನೀನು ಹುಟ್ಟುವಾಗ ಅವ್ವ ತವರಿನಲ್ಲಿ, ಕೊರ್ಲಹಳ್ಳಿಯಲ್ಲಿದ್ದಳು. ಮೂರು ದಿನ ಬ್ಯಾನೆ ತಿಂದರೂ ಹೆರಿಗೆಯಾಗಲಿಲ್ಲ. ಮುಂಡರಗಿಯ ತನಕ ಚಕ್ಕಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬೆಟಗೇರಿಯ ಮಿಷನ್ ದವಾಖಾನೆಗೆ ತಂದರು. ಹುಟ್ಟಿದಾಗ ನಿನಗೆ ಉಸಿರೇ ಇರಲಿಲ್ಲವಂತೆ. ಜರ್ಮನಿಯ ನರ್ಸು ಮಾರ್ಥಾಬಾಯಿ ನಿನ್ನ ಬಾಯಿಗೆ ಬಾಯಿಟ್ಟು ಊದಿ ಊದಿ ಅಳಿಸಿದಳು. ಅವ್ವ ಆಕೆಯ ಕೈ ಹಿಡಿದು, "ಇವ ಬದಕಿ ದೊಡ್ಡಾವಾದರ, ನಿಮ್ಮೂರ ಗುಡ್ಯಾಗ ಇವನ ಕೈಲೆ ಸಕ್ಕರಿ ಓದಸ್ತೀನಿ" ಎಂದಳಂತೆ. ನಮ್ಮ ಓಣಿಯ ದರ್ಗಾದಲ್ಲಿ ಮರ್ದಾನಸಾಬ ಕಾಕಾ ಸಕ್ಕರೆ ಕೈಯಲ್ಲಿ ಹಿಡಿದು, ಓದಿ, ಊದಿ ಕೊಡುತ್ತಾನಲ್ಲ, ಅಲ್ಲಿಯೂ ಹಾಗೆಯೇ ಎಂದು ಆಗ ಅವ್ವನ ಲೆಕ್ಕ. ಮಾರ್ಥಾಬಾಯಿ ನಕ್ಕು ಒಂದು ಚೀಟಿ ಬರೆದುಕೊಟ್ಟಳು. ಮೂವತ್ನಾಲ್ಕು ವರ್ಷ ಅದು ಟ್ರಂಕಿನಲ್ಲಿತ್ತು. ಇದರ ಜೊತೆ ಇಟ್ಟಿದ್ದೇನೆ, ಕಳೆದರೆ ನೀನು ಮನೆಗೆ ಬರಬೇಡ.

ನಿನ್ನ ಬ್ಯಾಗಿನ ತಳದಲ್ಲಿ ಹಸಿರು ಅರಿವೆಯಲ್ಲಿ ಕಟ್ಟಿದ ಸಕ್ಕರೆ ಇದೆ. ಅವ್ವ ಹೇಳದೆ ಇಟ್ಟಿದ್ದಾಳೆ, ಮೊದಲೇ ಹೇಳಿದರೆ ನೀನು ನಗುತ್ತೀಯ ಎಂದು. ಒಂದು ದಿನ ರಜೆ ಹಾಕಿ ಅದನ್ನು ಓದಿಸಿ ಕಳಿಸು. ನಿನ್ನ ಹೆಂಡತಿ ಶಾಹಿಸ್ತಾ ಅಡರಕಟ್ಟಿಯ ತವರಿನಲ್ಲಿ ಹಸಿ ಬಾಣಂತಿ, ಆಕೆಗೆ ಈ ಸುದ್ದಿ ಬರೆಯಬೇಡ. ಇಲ್ಲಿ ಅವ್ವನ ಹತ್ತಿರ ನಾನೊಬ್ಬಳೇ ಇದ್ದೇನೆ, ತಿಳಿದುಕೊ.

ನಿನ್ನ ಅಕ್ಕ
ಅಮೀರಾ

~

ವೈಲ್‌ಡಾರ್ಫ್, ಜರ್ಮನಿ
೧೮ ಅಕ್ಟೋಬರ್ ೧೯೯೮

ಅಕ್ಕ,

ಕಾಗದ ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅವ್ವನಿಗೆ ಹೇಳು, ಆಪರೇಶನ್ ಎಂದರೆ ಈಗ ಹೆದರುವಂಥದ್ದೇನಲ್ಲ. ನಾನಿಲ್ಲಿ ದಿನವೂ ಮಾಡುತ್ತಿರುವುದು ಅದನ್ನೇ. ಆನೆಗಾತ್ರದ ಮಷಿನ್ನಿನ ಹೊಟ್ಟೆ ಬಿಚ್ಚಿ, ಒಂದೊಂದು ಗಾಲಿಗೂ ಒಂದೊಂದು ರಾಡಿಗೂ ಚೀಟಿ ಕಟ್ಟಿ, ಕನ್ನಡದ ಅಂಕಿಯಲ್ಲಿ ನಂಬರು ಬರೆಯುತ್ತಿದ್ದೇನೆ. ನಾಳೆ ಗದಗಿನಲ್ಲಿ ಜೋಡಿಸುವವನು ನಾನೇ ತಾನೆ. ಇಲ್ಲಿಯ ಮೇಸ್ತ್ರಿ ಕುರ್ಟ್ ಆ ಅಂಕಿಗಳನ್ನು ನೋಡಿ ತಲೆ ಕೆರೆದುಕೊಳ್ಳುತ್ತಾನೆ.

ಚೀಟಿ ಅವನಿಗೆ ತೋರಿಸಿದೆ. ಮೇಲಿನ ಎರಡು ಸಾಲು ಬಿಡಿ ಅಕ್ಷರದಲ್ಲಿವೆ: ಸಂತ ಮೈಕೆಲರ ಚರ್ಚು, ಲಿಂಡೆನ್‌ಬ್ರುಕ್. ಇಲ್ಲಿಂದ ರೈಲಿನಲ್ಲಿ ಒಂದೂವರೆ ತಾಸಿನ ದಾರಿ. ಹಳೆಯ ಪೇಟೆ, ಐನೂರು ವರ್ಷದ ಗುಡಿಯಂತೆ. ಕೆಳಗೆ ಇನ್ನೂ ಐದಾರು ಸಾಲು ಇವೆ, ವಿಳಾಸದ ಉಳಿದ ಭಾಗವಿರಬೇಕು. ಅದು ಹಳೆಯ ಕಾಲದ ಬರವಣಿಗೆ, ತನ್ನ ಅಜ್ಜಿಯ ಕೈ ಹಾಗಿತ್ತು, ತನಗೆ ಓದಲು ಬರುವುದಿಲ್ಲ ಎಂದ ಕುರ್ಟ್. ಚೀಟಿ ಮಡಿಕೆಯಲ್ಲಿ ಹರಿಯುವಂತಿದೆ. ಊರಿನ ಹೆಸರು ಬೇರೆ ಹಾಳೆಗೆ ಇಳಿಸಿಕೊಂಡು ಇದನ್ನು ಅಂಗಿಯ ಕಿಸೆಯಲ್ಲಿ ಜೋಪಾನ ಮಾಡಿದ್ದೇನೆ.

ಒಂದು ಮಾತು ಕೇಳುತ್ತೇನೆ, ಸುಮ್ಮನೆ. ಓದಿಸುವ ಸಕ್ಕರೆ ಮನೆಯದೇ ಆಗಬೇಕೇ? ಇಲ್ಲಿಯ ಸಕ್ಕರೆಯೂ ಬೆಳ್ಳಗೆ ಚೆನ್ನಾಗಿದೆ. ಮರ್ದಾನಸಾಬ ಕಾಕಾನನ್ನು ವಿಚಾರಿಸಿ ಬರೆ. ಹಾಗೆಂದು ಅವ್ವನ ಮುಂದೆ ಹೇಳಬೇಡ.

ಶಫೀಕ

~

ಬೆಟಗೇರಿ
೨೮ ಅಕ್ಟೋಬರ್ ೧೯೯೮

ಶಫೀಕ,

ಸುಮ್ಮನೆ ಕೇಳುವ ಮಾತೇ ಇದು? ನಿನ್ನ ಸಕ್ಕರೆಯ ಪ್ರಶ್ನೆ ಓದಿ ಮೈಯೆಲ್ಲ ಉರಿಯಿತು. ಹೋಗಲು ಮನಸ್ಸಿಲ್ಲದವನು ನೂರು ಅಡ್ಡಿ ಹುಡುಕುತ್ತಾನೆ. ಆದರೂ ಕಾಕಾನನ್ನು ಕೇಳಿದೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಹರಕಿ ಹೊತ್ತಾಕಿ ಮುಟ್ಟಿ ಕಟ್ಟಿದ ಸಕ್ಕರಿನ ಆಗಬೇಕವ್ವಾ. ಅಂಗಡ್ಯಾಗಿಂದು ತಂದ್ರ ಅದು ಅಂಗಡಿಯವನ ಹರಕಿ ಆಗತೈತಿ." ತಿಳಿಯಿತೇ? ಅವ್ವ ಮೂರು ದಿನ ಯೋಚಿಸಿ ಕಟ್ಟಿದ ಸಕ್ಕರೆ ಅದು.

ಇಲ್ಲಿಯ ಪರಿಸ್ಥಿತಿ ಸರಿಯಿಲ್ಲ. ಹೆಣ್ಣುಮಕ್ಕಳ ವಿಷಯ, ನಿನಗೆ ಎಲ್ಲ ಬಿಡಿಸಿ ಬರೆಯಲಾಗದು. ತಡ ಮಾಡುವಂತಿಲ್ಲ ಎಂದಷ್ಟು ತಿಳಿ. ಅವ್ವನ ಮುಖ ಹತ್ತಿಯ ಹಾಗೆ ಬಿಳಿಚಿದೆ. ಆದರೂ ಗಾದಿ ಹೊಲಿಯುವುದನ್ನು ಬಿಟ್ಟಿಲ್ಲ. ನಿನ್ನ ಭಾವ ರಮೀಜ ಗಾದಿ ಹೇರಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿಯ ಸಂತೆಗಳಿಗೆ ಹೋದರೆ ಎರಡು ದಿನ ಬರುವುದಿಲ್ಲ, ಆಗ ನಾನು ಅವ್ವನ ಉಸಿರು ಕೇಳುತ್ತ ಕೂತಿರುತ್ತೇನೆ. ಎದುರುಮನೆಯ ಯಮನೂರಪ್ಪ ಮಗ್ಗ ನಿಲ್ಲಿಸಿ ಬಂದು ಅವ್ವನಿಗೆ ಬೈದು ಹೋದ. "ಅಲ್ಮಾಸಬಿ, ದೇವರೇನ ಓಡಿ ಹೊಕ್ಕಾನ? ಮದಲ ಜೀವಾ ನೋಡು" ಎಂದ. ಅವ್ವ, "ಮೂವತ್ನಾಲ್ಕು ವರ್ಷ ನಾನ ಓಡ್ಯಾಡೀನಿ, ದೇವರಲ್ಲ" ಎಂದಳು.

ಪ್ರೆಸ್ಸಿನಿಂದ ನಿನಗೆ ಫೋನು ಮಾಡಬಹುದು, ಆದರೆ ಮಾಲಕರು ಪಕ್ಕದಲ್ಲೇ ಕೂತಿರುತ್ತಾರೆ. ಇಂಥ ಮಾತು ಅವರ ಮುಂದೆ ಹೇಗೆ ಆಡಲಿ? ಬರುವ ಭಾನುವಾರ ಹೋಗು. ಹೋಗು ಮಾರಾಯ.

ಅಮೀರಾ

~

ವೈಲ್‌ಡಾರ್ಫ್
೯ ನವೆಂಬರ್ ೧೯೯೮

ಅಕ್ಕ,

ನಿನ್ನೆ ಹೋಗಿ ಬಂದೆ. ಎಲ್ಲ ಸಾಂಗವಾಗಿ ಆಯಿತು. ಅವ್ವನಿಗೆ ಓದಿ ಹೇಳು.

ಲಿಂಡೆನ್‌ಬ್ರುಕ್‌ನ ಹಳೆಯ ಪೇಟೆ ಬಹಳ ಚೆಂದ. ಕಲ್ಲು ಹಾಸಿದ ಸಣ್ಣ ಓಣಿಗಳು, ಕಟ್ಟಿಗೆಯ ಚೌಕಟ್ಟಿನ ಮನೆಗಳು. ನಡುವೆ ಚರ್ಚು, ಎರಡು ಎತ್ತರದ ಗೋಪುರ. ಒಳಗೆ ಬಣ್ಣದ ಗಾಜಿನ ಕಿಟಕಿಗಳು. ಬಹಳ ಜನ ಸೇರಿದ್ದರು. ಪಾದ್ರಿಗಳು ಒಳ್ಳೆಯವರು. ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಓದಿ, ಮೂರು ಸಾರಿ ಊದಿ ಕೊಟ್ಟರು. ನನ್ನ ತಲೆಯ ಮೇಲೂ ಕೈ ಇಟ್ಟರು. ತಲೆಗೆ ಸವರುವ ನವಿಲುಗರಿಯೊಂದು ಇರಲಿಲ್ಲ, ಉಳಿದದ್ದೆಲ್ಲ ನಮ್ಮ ದರ್ಗಾದ ಹಾಗೆಯೇ.

ಸಕ್ಕರೆಯನ್ನು ಅದೇ ಹಸಿರು ಅರಿವೆಯಲ್ಲಿ ಕಟ್ಟಿ ಇದರ ಜೊತೆ ಪಾರ್ಸಲ್ ಮಾಡಿದ್ದೇನೆ. ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಲಿ, ಆ ದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗು. ಹೆಚ್ಚು ಬರೆಯಲು ಸಮಯವಿಲ್ಲ, ಕೆಲಸ ಬಹಳ.

ಶಫೀಕ

~

ಬೆಟಗೇರಿ
೧೬ ನವೆಂಬರ್ ೧೯೯೮

ಶಫೀಕ,

ನಿನ್ನಿಂದ ಏನೂ ಬಂದಿಲ್ಲ, ಕಾಗದವೂ ಇಲ್ಲ, ಸಕ್ಕರೆಯೂ ಇಲ್ಲ. ಶುಕ್ರವಾರ ಅವ್ವ ಬಚ್ಚಲಲ್ಲಿ ಬಿದ್ದಳು. ಎದ್ದು ಮತ್ತೆ ಅದೇ ಮಾತು, ಸಕ್ಕರೆ ಬರಲಿ.

ನಾನೊಂದು ತಪ್ಪು ಮಾಡಿದ್ದೇನೆ. ನಿನಗಲ್ಲದೆ ಯಾರಿಗೂ ಹೇಳಿಲ್ಲ, ರಮೀಜನಿಗೂ. ಹುಲಗಪ್ಪನ ಅಂಗಡಿಯಿಂದ ಕಾಲು ಕಿಲೋ ಸಕ್ಕರೆ ತಂದೆ. ಅವ್ವನ ಹಳೆಯ ಕುಪ್ಪಸದ ಹಸಿರು ತುಂಡಿನಲ್ಲಿ ಕಟ್ಟಿದೆ. ನಿನ್ನ ಮಾಲಕರ ಕಡೆಯವರು ಜರ್ಮನಿಯಿಂದ ಬಂದರು, ನೀನು ಓದಿಸಿ ಕಳಿಸಿದ್ದೀಯ ಎಂದು ಅವ್ವನ ಕೈಗೆ ಕೊಟ್ಟೆ. ಅವ್ವ ಗಂಟು ಬಿಚ್ಚಿದಳು, ಮೂಸಿದಳು, ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬಿಸ್ಮಿಲ್ಲಾ ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ನಡಿ, ಯಾವಾಗ ಹೋಗೂದು ಹುಬ್ಬಳ್ಳಿಗೆ?" ಎಂದಳು.

ಗುರುವಾರ ಆಪರೇಶನ್. ದೇವರ ಹೆಸರಿನಲ್ಲಿ ತಾಯಿಗೆ ಸುಳ್ಳು ಹೇಳಿ ಕತ್ತರಿಯ ಕೆಳಗೆ ಕಳಿಸುತ್ತಿದ್ದೇನೆ. ಏನಾದರೂ ಆದರೆ ನಾನು ಹೇಗೆ ಬದುಕಲಿ? ನೀನು ಓದಿಸಿದ್ದರೆ ನಾನು ಪಾರಾದೆ. ಓದಿಸಿಲ್ಲದಿದ್ದರೆ, ನಿನ್ನ ಕಾಲಿಗೆ ಬೀಳುತ್ತೇನೆ, ಈ ಕಾಗದ ಮುಟ್ಟಿದ ದಿನವೇ ಓಡು. ನನ್ನ ಸುಳ್ಳನ್ನು ಖರೆ ಮಾಡು.

ಅಮೀರಾ

~

ವೈಲ್‌ಡಾರ್ಫ್
೨೭ ನವೆಂಬರ್ ೧೯೯೮

ಅಕ್ಕ,

ನೀನು ಒಂದು ತಪ್ಪು ಹೇಳಿದೆ, ನಾನು ಎರಡು ಹೇಳಬೇಕಾಗಿದೆ.

ಹಸಿರು ಅರಿವೆಯ ಸಕ್ಕರೆಯನ್ನು ನಾನು ನಿನ್ನ ಮೊದಲ ಕಾಗದ ಬರುವ ಮೊದಲೇ ಕುಡಿದು ಮುಗಿಸಿದ್ದೆ. ಅವ್ವ ಚಹಾಕ್ಕೆಂದು ಇಟ್ಟಿದ್ದಾಳೆ ಎಂದುಕೊಂಡೆ. ಇಲ್ಲಿಯ ಚಳಿಗೆ ದಿನಕ್ಕೆ ಐದಾರು ಸಾರಿ ಚಹಾ ಮಾಡುತ್ತಿದ್ದೆ. ಕುರ್ಟ್‌ನಿಗೂ ಕೊಟ್ಟೆ. "ನಿಮ್ಮೂರ ಸಕ್ಕರೆ ದಪ್ಪ" ಎಂದು ಹೊಗಳಿದ. ಆಮೇಲೆ ನಿನ್ನ ಕಾಗದ ಬಂತು. ಖಾಲಿ ಅರಿವೆ ಕೈಯಲ್ಲಿ ಹಿಡಿದು ಕೂತೆ. ಅದಕ್ಕೇ ಆ ಪ್ರಶ್ನೆ ಕೇಳಿದ್ದು. ಕಾಕಾ ಹೇಳಿದ್ದನ್ನು ಓದಿದ ಮೇಲೆ ಆ ಅರಿವೆಯನ್ನು ಮತ್ತೆ ಜಾಡಿಸಿ ನೋಡಿದೆ, ಒಂದು ಹರಳೂ ಉಳಿದಿರಲಿಲ್ಲ.

ಎರಡನೆಯದು. ಎಂಟನೇ ತಾರೀಖು ಇಲ್ಲಿಯ ಅಂಗಡಿಯ ಸಕ್ಕರೆಯನ್ನು ಅದೇ ಅರಿವೆಯಲ್ಲಿ ಕಟ್ಟಿಕೊಂಡು ಹೋದದ್ದು ಖರೆ. ಚರ್ಚಿನ ಬಾಗಿಲ ತನಕ ಹೋದೆ. ಒಳಗೆ ಹಾರ್ಮೋನಿಯಂನಂಥ ದೊಡ್ಡ ವಾದ್ಯದ ಪೆಟ್ಟಿಗೆ ಬಾರಿಸುತ್ತಿದ್ದರು, ಮೆಟ್ಟಿಲ ಕಲ್ಲು ನಡುಗುವಷ್ಟು ಗಟ್ಟಿಯಾಗಿ. ಕರಿಯ ಕೋಟಿನ ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಅಂಗಡಿಯವನ ಹರಕೆ ಹಿಡಿದುಕೊಂಡು ನಾನು ಹೊರಗೆ ನಿಂತೆ. ಹದಿನೆಂಟು ಟನ್ನಿನ ಮಷಿನ್ ಬಿಚ್ಚುವವನಿಗೆ ಒಂದು ಬಾಗಿಲು ತೆಗೆಯಲಾಗಲಿಲ್ಲ, ಅಕ್ಕ. ಅರ್ಧ ತಾಸು ನಿಂತು ತಿರುಗಿ ಬಂದೆ. ನಾನು ಬರೆದ ಬಣ್ಣದ ಕಿಟಕಿ ಸ್ಟೇಶನ್ನಿನಲ್ಲಿ ಕೊಂಡ ಪೋಸ್ಟ್‌ಕಾರ್ಡಿನದು. ಪಾದ್ರಿಯನ್ನು ನಾನು ನೋಡಿಯೇ ಇಲ್ಲ.

ನಿನ್ನೆ ಮಾಲಕರಿಗೆ ಫೋನು ಮಾಡಿದೆ. "ಆಪರೇಶನ್ ಆತಂತ, ನೀ ಮಷಿನ್ ಕಡೆ ನೋಡು" ಎಂದು ಇಟ್ಟುಬಿಟ್ಟರು. ಆತು ಎಂದರೆ ಏನು? ಅವ್ವ ಮಾತಾಡುತ್ತಾಳೆಯೇ? ಹದಿನೇಳನೇ ನಂಬರಿನ ಚೀಟಿಯನ್ನು ಇವತ್ತು ಎರಡು ಗಾಲಿಗೆ ಕಟ್ಟಿದ್ದೆ, ಕುರ್ಟ್ ಹಿಡಿದ. ಬೇಗ ಬರೆ. ಏನಿದ್ದರೂ ಬರೆ, ಮುಚ್ಚಬೇಡ.

ಶಫೀಕ

~

ಬೆಟಗೇರಿ
೩೦ ನವೆಂಬರ್ ೧೯೯೮

ಶಫೀಕ,

ಅವ್ವ ಚೆನ್ನಾಗಿದ್ದಾಳೆ. ಮೊದಲು ಇದನ್ನು ಓದಿ ಉಸಿರು ಬಿಡು. ಮೊನ್ನೆ ಮನೆಗೆ ಬಂದೆವು. ತೆಗೆದ ಗಡ್ಡೆಯನ್ನು ತಪಾಸಣೆಗೆ ಕಳಿಸಿದ್ದಾರೆ, ಅದು ಕೆಟ್ಟದ್ದೋ ಅಲ್ಲವೋ ಎಂದು ಹತ್ತು ದಿನಕ್ಕೆ ತಿಳಿಯುತ್ತದೆ. ತಿಳಿದ ಕೂಡಲೇ ಮಾಲಕರಿಂದ ಫೋನು ಮಾಡಿಸುತ್ತೇನೆ.

ನಿನ್ನ ಪಾರ್ಸಲ್ ಇಪ್ಪತ್ತೊಂದಕ್ಕೆ ಬಂತು. ಈ ಸಾರಿಯೂ ಜಿಲ್ಲಾ ಧಾರವಾಡ! ಅದನ್ನು ದವಾಖಾನೆಗೆ ಒಯ್ದು, ಎಷ್ಟು ಸಕ್ಕರೆ ಕಳಿಸಿದ್ದಾನೆ ನೋಡು ನಿನ್ನ ಮಗ, ಎರಡನೇ ಸಾರಿಯೂ ಓದಿಸಿದ್ದಾನೆ ಎಂದು ಮತ್ತೊಂದು ಸುಳ್ಳು ಪೋಣಿಸಿದೆ. ನಿನ್ನ ಕಾಗದ ಓದಿ ಹೇಳಿದೆ. ಪಾದ್ರಿ ಮೂರು ಸಾರಿ ಊದಿದ ಮಾತು ಬಂದಾಗ ಅವ್ವ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಗತೊಡಗಿದಳು. ನಿಲ್ಲಿಸಲಾಗದೆ ಕಣ್ಣಲ್ಲಿ ನೀರು ಬಂತು.

"ಊದಿದನಂತ? ಅಲ್ಲೆ ಊದೂದಿಲ್ಲ ಅಂತ ಮಾರ್ಥಾಬಾಯಿ ಅವತ್ತ ಹೇಳಿದ್ಲು ನನಗ. ಈ ಹುಡುಗ ಒಳಗ ಹೋಗೇ ಇಲ್ಲ."

ಆಮೇಲೆ ಗಂಟು ಬಿಚ್ಚಿ ಬೆರಳಲ್ಲಿ ಆಡಿಸಿದಳು. "ಇದು ರವಾದಂಗ ಸಣ್ಣೈತಿ. ನಾ ಕಟ್ಟಿದ್ದು ದಪ್ಪಂದು. ಅದನ್ನ ಚಾ ಮಾಡಿ ಕುಡದಾನ, ಖೋಡಿ."

ನಾನು ಗೋಡೆ ನೋಡುತ್ತ ಕೂತೆ. ಆಗ ನನ್ನ ಕಡೆ ತಿರುಗಿದಳು. "ನಿಂದೂ ಹೇಳ್ಲೇನು? ನೀ ಕೊಟ್ಟ ಸಕ್ಕರಿ ಮೆಣಸಿನಕಾಯಿ ವಾಸನಿ ಹೊಡೀತಿತ್ತು. ಹುಲಗಪ್ಪ ಎರಡೂ ಚೀಲ ಒಂದ ಕಡೆ ಇಡ್ತಾನ. ಜರ್ಮನ್ಯಾಗ ಬ್ಯಾಡಗಿ ಮೆಣಸಿನಕಾಯಿ ಬೆಳೀತಾರೇನ?"

"ಗೊತ್ತಿದ್ದೂ ಯಾಕ ತಿಂದಿ ಬೇ? ಯಾಕ ಒಪ್ಪಿದಿ?" ಎಂದೆ.

"ಕೊಡಾಗ ನಿನ್ನ ಕೈ ನಡಗತಿತ್ತು. ಗಡ್ಡಿಗಿ ನಾ ಅಂಜಿರಲಿಲ್ಲ. ಅದನ್ನ ನೋಡಿ ಅಂಜಿದ್ನಿ" ಎಂದಳು. ಅಲ್ಲಿಯೇ ಅವಳ ಮಂಚಕ್ಕೆ ತಲೆ ಇಟ್ಟು ಅತ್ತೆ, ಶಫೀಕ. ಪಕ್ಕದ ಮಂಚದವರು ಏನೋ ಆಯಿತೆಂದು ಓಡಿ ಬಂದರು.

ನಿನಗೆ ಅವ್ವ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಎದುರಿಗೆ ಕೂತು ಬರೆಸುತ್ತಿದ್ದಾಳೆ: "ಸಕ್ಕರಿ ಹೋತು, ಹೋಗಲಿ. ಅದು ಅವನ ಹೊಟ್ಯಾಗ ಐತಿ. ನಾ ಹರಕಿ ಹೊತ್ತದ್ದು ಸಕ್ಕರಿಗಲ್ಲ, ಅವಗ. ಅವ ಆ ಬಾಗಲಾ ದಾಟಿ ಒಳಗ ಹೋಗಿ ಬರಲಿ. ಅಷ್ಟ ಆದ್ರ ನಂದು ತೀರಿತು."

ಕೇಳಿದೆಯಾ? ಇನ್ನು ನಿನಗೆ ಯಾವ ನೆಪವೂ ಉಳಿದಿಲ್ಲ.

ಅಮೀರಾ

~

ವೈಲ್‌ಡಾರ್ಫ್
೧೩ ಡಿಸೆಂಬರ್ ೧೯೯೮, ಭಾನುವಾರ

ಅಕ್ಕ,

ಮಷಿನ್ನಿನ ಪೆಟ್ಟಿಗೆಗಳಿಗೆ ಹಡಗು ಸಿಗುವುದು ಜನವರಿಗೆ. ಅಲ್ಲಿಯ ತನಕ ನಾನು ಇಲ್ಲೇ. ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ. ಎದುರಿಗೆ ಹೇಳುವುದಾಗಿದ್ದರೆ ಅರ್ಧ ನುಂಗುತ್ತಿದ್ದೆ.

ನಿನ್ನ ಕಾಗದ ಶುಕ್ರವಾರ ಬಂತು. ನಿನ್ನೆ ಮಾಲಕರ ಫೋನು: ಗಡ್ಡೆ ಕೆಟ್ಟದ್ದಲ್ಲ. ಫೋನು ಇಟ್ಟು ಪ್ಯಾಕಿಂಗಿನ ಹುಲ್ಲಿನ ಮೇಲೆ ಕೂತುಬಿಟ್ಟೆ. ಕುರ್ಟ್ ನೀರು ತಂದುಕೊಟ್ಟ. ಇನ್ನು ಹೋಗದಿದ್ದರೂ ನಡೆದೀತು ಎಂದು ಒಂದು ಗಳಿಗೆ ಅನಿಸಿದ್ದು ಖರೆ. ಇವತ್ತು ಬೆಳಿಗ್ಗೆ ಎದ್ದು ಮೊದಲ ರೈಲು ಹಿಡಿದೆ. ಸುಮ್ಮನೆ ಬರಿಗೈಯಲ್ಲಿ ಹೋಗಲು ಮನಸ್ಸು ಬಾರದೆ ಇಲ್ಲಿಯದೇ ಒಂದು ಪೊಟ್ಟಣ ಸಕ್ಕರೆ ಒಯ್ದೆ.

ಹಿಮ ಬಿದ್ದಿತ್ತು. ಹಳೆಯ ಪೇಟೆಯ ಮನೆಗಳು ಮುಂದಕ್ಕೆ ಬಾಗಿ ಒಂದಕ್ಕೊಂದು ಏನೋ ಹೇಳುತ್ತಿರುವಂತೆ ನಿಂತಿವೆ. ಗೋಪುರ ಎರಡಲ್ಲ, ಒಂದೇ. ಪೋಸ್ಟ್‌ಕಾರ್ಡಿನಲ್ಲಿದ್ದದ್ದು ಬೇರೆ ಊರಿನದು, ಆವತ್ತು ಬಾಗಿಲಲ್ಲಿ ನಿಂತವನು ತಲೆಯೆತ್ತಿ ಗೋಪುರವನ್ನೂ ನೋಡಿರಲಿಲ್ಲ. ಬಾಗಿಲಿಗೆ ಕಬ್ಬಿಣದ ಬಳೆ ಇದೆ. ಹಿಡಿದು ತಳ್ಳಿದೆ, ತೆರೆಯಲಿಲ್ಲ. ಮುಚ್ಚಿದೆ, ವಾಪಸ್ಸು ಹೋಗಬಹುದು ಎಂದು ಕಾಲು ತಿರುಗಿತು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕಿ ತೆಗೆದಳು. ಎಂಬತ್ತರ ಮೇಲಿನವಳು, ಕುಳ್ಳಗೆ ನಮ್ಮ ಕೊರ್ಲಹಳ್ಳಿಯ ಅಜ್ಜಿಯಷ್ಟೇ ಎತ್ತರ. ನನ್ನನ್ನು ನೋಡಿದಳು, ಪಕ್ಕಕ್ಕೆ ಸರಿದಳು. ನಾನು ಹೊಸ್ತಿಲು ದಾಟಿದೆ. ಅವ್ವನಿಗೆ ಇದನ್ನು ಎರಡು ಸಾರಿ ಓದು.

ಒಳಗೆ ಕಂಬಗಳು ಮೇಲೆ ಹೋಗಿ ಒಂದನ್ನೊಂದು ಹಿಡಿದುಕೊಂಡಿವೆ, ಎಲ್ಲಿಯೂ ಒಂದು ಬೋಲ್ಟು ಕಾಣಲಿಲ್ಲ. ಆ ದೊಡ್ಡ ವಾದ್ಯದ ಪೆಟ್ಟಿಗೆಗೆ ಕೊಳವೆಗಳೇ ಸಾವಿರದಷ್ಟಿರಬೇಕು, ಬಿಚ್ಚಿ ನೋಡುವ ಆಸೆಯಾಯಿತು. ನೆಲದ ಕಲ್ಲು ಜನರ ಕಾಲಿಗೆ ಸವೆದು ತಗ್ಗಾಗಿದೆ. ಹಿಂದಿನ ಬೆಂಚಿನಲ್ಲಿ ಕೂತೆ. ಕ್ರಿಸ್‌ಮಸ್ಸಿಗೆಂದು ವಾರಕ್ಕೊಂದು ಹಚ್ಚುವ ನಾಲ್ಕು ಮೇಣದಬತ್ತಿಗಳಲ್ಲಿ ಮೂರನ್ನು ಹಚ್ಚಿದ್ದರು. ಗೋಡೆಗೆ ಒಂದು ಮರದ ಹಲಗೆ, ಅದರ ಮೇಲೆ ದೂರದೇಶಕ್ಕೆ ಸೇವೆಗೆ ಹೋದವರ ಹೆಸರುಗಳು. ಅದರ ನಡುವೆ ಮಾರ್ಥಾ ಎಂಬ ಹೆಸರು, ಮುಂದೆ ಬೆಟಗೇರಿ ಎಂದು ಇಂಗ್ಲಿಷ್ ಅಕ್ಷರದಲ್ಲಿ. ನಮ್ಮ ಬೆಟಗೇರಿ, ಅಕ್ಕ, ಐನೂರು ವರ್ಷದ ಗೋಡೆಯ ಮೇಲೆ!

ಪ್ರಾರ್ಥನೆ ಮುಗಿದ ಮೇಲೆ ಆ ಮುದುಕಿಗೆ ಸಕ್ಕರೆ ಪೊಟ್ಟಣ ಕೊಟ್ಟು, ಓದಿಸಬೇಕು ಎಂದು ಕೈಸನ್ನೆ ಮಾಡಿದೆ. ಆಕೆ ಬಹಳ ಖುಷಿಯಾಗಿ ಅದನ್ನು ಒಯ್ದು, ಬಟ್ಟಲಿಗೆ ಸುರಿದು, ಹಿಂದಿನ ಮೇಜಿನ ಮೇಲೆ ಎಲ್ಲರ ಕಾಫಿಯ ಜೊತೆ ಇಟ್ಟುಬಿಟ್ಟಳು! ನನಗೆ ಹೋಯಿತು, ಇದೂ ಹೋಯಿತು ಎನಿಸಿತು. ಅಷ್ಟರಲ್ಲಿ ಪಾದ್ರಿಗಳೇ ಬಂದು ಒಂದು ಚಮಚ ಹಾಕಿಕೊಂಡರು. ಆಮೇಲೆ ಎಲ್ಲರೂ. ಓದಿಸಿದ ಸಕ್ಕರೆಯನ್ನು ಕಾಕಾ ಬಂದವರಿಗೆಲ್ಲ ಹಂಚುತ್ತಾನಲ್ಲ, ಅದೇ ಆಯಿತು. ನಾನೂ ಒಂದು ಕಪ್ಪು ಕುಡಿದೆ, ಈ ಸಾರಿ ನೆಮ್ಮದಿಯಿಂದ. ಬಟ್ಟಲಿನಲ್ಲಿ ಉಳಿದದ್ದನ್ನು ಹಸಿರು ಅರಿವೆಯಲ್ಲಿ ಕಟ್ಟಿ ಕಳಿಸುತ್ತಿದ್ದೇನೆ. ಅವ್ವ ಮೊದಲು, ಆಮೇಲೆ ಓಣಿಗೆಲ್ಲ. ಯಮನೂರಪ್ಪನಿಗೆ ಮರೆಯಬೇಡ. ವಿಳಾಸದಲ್ಲಿ ಜಿಲ್ಲಾ ಗದಗ ಎಂದೇ ಬರೆದಿದ್ದೇನೆ.

ಹೊರಡುವ ಮೊದಲು ಚೀಟಿ ತೆಗೆದು ಮುದುಕಿಗೆ ತೋರಿಸಿದೆ. ಕುರ್ಟ್‌ನಿಗೆ ಬಾರದ ಆ ಹಳೆಯ ಅಕ್ಷರವನ್ನು ಆಕೆ ಸರಾಗವಾಗಿ ಓದಿದಳು. ಇಂಗ್ಲಿಷ್ ಬಲ್ಲ ಒಬ್ಬ ಮಾಸ್ತರರನ್ನು ಕರೆದು ನನಗೆ ತಿಳಿಸಲು ಹೇಳಿದಳು. ನಾವು ವಿಳಾಸ ಎಂದುಕೊಂಡದ್ದು ವಿಳಾಸವಲ್ಲ. ಮಾರ್ಥಾಬಾಯಿ ತನ್ನ ಊರಿನವರಿಗೆ ಹೀಗೆ ಬರೆದಿದ್ದಾಳೆ:

"ಈ ಚೀಟಿ ತಂದವನು ಬೆಟಗೇರಿಯವನು. ಇವನ ಮೊದಲ ಉಸಿರು ನಾನು ಕೇಳಿದ್ದೇನೆ. ಇವನು ಬರುತ್ತಾನೆಂದು ಇವನ ತಾಯಿ ಮಾತು ಕೊಟ್ಟಿದ್ದಾಳೆ, ಆಕೆ ಮಾತಿಗೆ ತಪ್ಪುವವಳಲ್ಲ. ಬಂದವನು ಸಂಕೋಚದಿಂದ ಹೊರಗೇ ನಿಂತಾನು. ಬಾಗಿಲು ನೀವೇ ತೆಗೆಯಿರಿ."

ನವೆಂಬರಿನಲ್ಲಿ ಆ ಮೆಟ್ಟಿಲ ಮೇಲೆ ಅರ್ಧ ತಾಸು ನಿಂತಿದ್ದೆನಲ್ಲ ಅಕ್ಕ, ಆಗಲೂ ಈ ಚೀಟಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

ಶಫೀಕ